ಹದಿನೈದು ವರ್ಷದವರಿಗೆ ಹದಿನೈದು ರೂಪಾಯಿಯ ಬಹುಮಾನ

ಮೊದಲ ವರ್ಷ ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಕೋಲಾರದ ಹತ್ತಿರದ ಒಂದು ಹಳ್ಳಿ. ಬೇಸಿಗೆ ರಜೆಯಲ್ಲಿ 10 ದಿನದ ಇಂಗ್ಲಿಷ್ ಶಿಬಿರ. ಎಂಟು, ಒಂಬತ್ತನೇ ಕ್ಲಾಸಿನ 40 ಮಕ್ಕಳು. ಬಹುಮಾನಕ್ಕೆ ಅಂತ ನಾನು ತಂದಿದ್ದು ಕಾರ್ಟೂನ್ ಚಿತ್ರದ ಪೌಚು, ನಗುಮುಖದ ಕೀಚೈನು, ಜೊತೆಗೆ ಒಂದು ಡಬ್ಬಿ ಚಾಕೊಲೇಟು. ಚಾಕೊಲೇಟು ಗಾಡಿ ಡಿಕ್ಕಿಯಲ್ಲೇ ಕರಗಿ ಪಾಯಸ ಆಯಿತು, ಏಪ್ರಿಲ್ ಬಿಸಿಲು ಅಲ್ವಾ. ಅದು ಹೋಗಲಿ. ಮೊದಲ ದಿನ ಗೆದ್ದ ಹುಡುಗನನ್ನು ಎಲ್ಲರ ಮುಂದೆ ಕರೆದು ಒಂದು ಗುಲಾಬಿ ಪೌಚು ಕೊಟ್ಟೆ. ತಗೊಂಡ. ಥ್ಯಾಂಕ್ಯೂ ಮಿಸ್ ಅಂದ. ಜಾಗಕ್ಕೆ ಹೋಗಿ ಕೂರುವ ಮೊದಲೇ ಅದನ್ನು ಶರ್ಟಿನ ಒಳಗೆ ತುರುಕಿಕೊಂಡ. ಹಿಂದಿನಿಂದ ಯಾರೋ "ಎಲ್‌ಕೆಜಿ, ಎಲ್‌ಕೆಜಿ" ಅಂತ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಆಮೇಲೆ ಮೂರು ದಿನ ಆ ಹುಡುಗ ಕೈ ಎತ್ತಲೇ ಇಲ್ಲ.

ಈ ವಯಸ್ಸಿನವರಿಗೆ ಬಹುಮಾನದ ಬೆಲೆ ಕಮ್ಮಿ ಅಂತ ಬೇಜಾರಿಲ್ಲ. ಗೆಳೆಯರ ಮುಂದೆ ಮರ್ಯಾದೆ ಹೋದರೆ ಮಾತ್ರ ಬೇಜಾರು. ಇದೊಂದು ತಲೆಯಲ್ಲಿದ್ದರೆ 2,000 ರೂಪಾಯಿಯಲ್ಲಿ 40 ಮಕ್ಕಳ ಶಿಬಿರವನ್ನು ಆರಾಮಾಗಿ ಮುಗಿಸಬಹುದು. ನಾಲ್ಕು ಬೇಸಿಗೆ ಆದ ಮೇಲೆ ನನಗೆ ಒಗ್ಗಿದ ಕ್ರಮ ಹೀಗಿದೆ.

ಮೊದಲು ದುಡ್ಡು ಹಂಚಿಕೊಳ್ಳಿ, ಆಮೇಲೆ ಅಂಗಡಿ

ಅಂಗಡಿಗೆ ಹೋಗಿ ಕಣ್ಣಿಗೆ ಚೆಂದ ಕಂಡಿದ್ದನ್ನೆಲ್ಲ ತಂದರೆ ಐದನೇ ದಿನಕ್ಕೆ ಕೈ ಖಾಲಿ. ನನ್ನ ಚೀಟಿಯಲ್ಲಿ ಇರುವುದು ಇಷ್ಟು: ಎಲ್ಲ 40 ಮಕ್ಕಳಿಗೂ ಸರ್ಟಿಫಿಕೇಟು, ಒಂದಕ್ಕೆ 12 ರೂಪಾಯಿ, ಒಟ್ಟು 480. ದಿನಕ್ಕೆ ಮೂರು ಚಿಕ್ಕ ಬಹುಮಾನ, ಒಂದಕ್ಕೆ ಸುಮಾರು 15 ರೂಪಾಯಿ, ಹತ್ತು ದಿನಕ್ಕೆ 450. ತಂಡದ ಬಹುಮಾನಕ್ಕೆ 300. ಕೊನೆಯ ದಿನದ ತಿಂಡಿಗೆ 400. ಉಳಿದ 370 ಮುಟ್ಟುವುದಿಲ್ಲ. ಎರಡು ಮಕ್ಕಳು ಸರಿಸಮ ಬಂದರೆ, ಇದ್ದಕ್ಕಿದ್ದ ಹಾಗೆ ಯಾರದೋ ತಂಗಿಯೂ ಬಂದು ಕೂತರೆ, ಆಗ ಬೇಕಾಗುತ್ತದೆ. ರೇಟು ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಇರಬಹುದು, ಆದರೆ ಮೊದಲು, ಎರಡನೇ, ಮೂರನೇ ಅಂತ ದೊಡ್ಡ ಬಹುಮಾನಕ್ಕೆ ಇದರಲ್ಲಿ ಜಾಗ ಇಲ್ಲ ಅನ್ನುವುದನ್ನು ಗಮನಿಸಿ. ಅದು ಬೇಕು ಅಂತಲೇ ಬಿಟ್ಟಿದ್ದು. ದೊಡ್ಡ ಬಹುಮಾನ ಇಟ್ಟರೆ ಈಗಾಗಲೇ ಇಂಗ್ಲಿಷ್ ಬರುವ ಮೂರು ಮಕ್ಕಳು ಗೆಲ್ಲುತ್ತಾರೆ, ಮಿಕ್ಕ 37 ಜನ ಮೊದಲ ದಿನವೇ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ.

ಏನು ತರಬೇಕು, ಏನು ಬೇಡ

ಪರೀಕ್ಷೆ ಒಂದೇ. ಈ ವಸ್ತುವನ್ನು ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ ಕೈಯಲ್ಲಿ ಹಿಡಿದು ಬಸ್ ಹತ್ತಬಹುದಾ? ಹತ್ತಬಹುದು ಅಂದರೆ ತನ್ನಿ. 10 ರೂಪಾಯಿಯ ಕಪ್ಪು ಜೆಲ್ ಪೆನ್ನು ಪಾಸು. ಹೈಲೈಟರ್ ಪಾಸು, ಹತ್ತನೇ ಕ್ಲಾಸಿಗೆ ಹೋಗುವವರಿಗಂತೂ ಅದರ ಮೇಲೆ ಕಣ್ಣು. ಜೇಬಿಗೆ ಹೋಗುವ ಚಿಕ್ಕ ಡೈರಿ, ಬಣ್ಣಬಣ್ಣದ ಅಂಟು ಚೀಟಿ, ಸ್ಟೀಲ್ ಸ್ಕೇಲು, ಸಾದಾ ಕಪ್ಪು ಕೂದಲ ರಬ್ಬರ್ ಬ್ಯಾಂಡು, ಶಟಲ್ ಕಾಕು, ಎಲ್ಲ ಪಾಸು. ಕಾರ್ಟೂನ್ ಫೇಲು. ಮಿಂಚುವ ಪ್ಲಾಸ್ಟಿಕ್ ಟ್ರೋಫಿ ಕೂಡ ಫೇಲು. ಒಮ್ಮೆ ಮೂರು ತಂದಿದ್ದೆ, ಕೊಡುವ ಹೊತ್ತಿಗೆ ಒಂದರ ಕಿವಿ ಕಿತ್ತು ಬಂದಿತ್ತು. ಹುಡುಗರಿಗೆ ಇದು, ಹುಡುಗಿಯರಿಗೆ ಅದು ಅಂತ ಬೇರೆ ಮಾಡಬೇಡಿ. ನಮ್ಮಲ್ಲಿ ಶಟಲ್ ಕಾಕನ್ನು ಜಾಸ್ತಿ ಎತ್ತಿಕೊಂಡಿದ್ದು ಹುಡುಗಿಯರೇ.

ತಂಡಕ್ಕೆ ಅಂತ ಆದರೆ ಕ್ರಿಕೆಟ್ ಆಡುವ ಟೆನಿಸ್ ಬಾಲಿಗೆ ಸಮ ಯಾವುದೂ ಇಲ್ಲ. 50 ರೂಪಾಯಿ ಬಾಲಿಗೆ ಹತ್ತು ಜನ ಕುಣಿಯುತ್ತಾರೆ. ತಲೆಗೆ 5 ರೂಪಾಯಿ ಆಯಿತು, ನೋಡಿ.

ಇನ್ನೊಂದು, ಊರಲ್ಲಿ ಧಾರಾಳವಾಗಿ ಸಿಗುವುದನ್ನು ಬಹುಮಾನ ಮಾಡಬೇಡಿ. ಶ್ರೀನಿವಾಸಪುರದ ಕಡೆ ಒಬ್ಬರು ಪ್ರೀತಿಯಿಂದ ಮಾವಿನ ಹಣ್ಣು ಬಹುಮಾನ ಇಟ್ಟಿದ್ದರು. ಗೆದ್ದ ಹುಡುಗಿ, "ಸರ್, ನಮ್ಮ ತೋಟದ್ದು ಇದಕ್ಕಿಂತ ಚೆನ್ನಾಗಿದೆ, ನಾಳೆ ನಿಮಗೇ ತಂದುಕೊಡ್ತೀನಿ" ಅಂದಳಂತೆ. ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದ್ದರೆ ಇನ್ನೊಂದು ಬಹುಮಾನ ಕೊಡಬಹುದಿತ್ತು.

ಎಲ್ಲಿ ಕೊಳ್ಳಬೇಕು

40 ಮಕ್ಕಳಿಗೆ ಕೋಲಾರದ ಪೇಟೆಯೇ ಸಾಕು. ಬಿಡಿಯಾಗಿ ಕೇಳದೆ ಡಬ್ಬಿ ರೇಟು, ಡಜನ್ ರೇಟು ಕೇಳಿ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿ ತಗೊಳ್ಳಬಾರದು ಅಂತ ಅಷ್ಟೇ, ಅದಕ್ಕಿಂತ ಕಮ್ಮಿಗೆ ಕೊಡಬಾರದು ಅಂತ ಎಲ್ಲೂ ಇಲ್ಲ. ನಾಲ್ಕೈದು ಶಿಬಿರದವರು ಸೇರಿ ತರುವುದಾದರೆ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಸುಲ್ತಾನ್‌ಪೇಟೆಗೆ ನಡೆದುಕೊಂಡೇ ಹೋಗಬಹುದು. ಕಾಗದ, ಪೆನ್ನು, ಡೈರಿ ಎಲ್ಲ ಹೋಲ್‌ಸೇಲ್‌ನಲ್ಲಿ ಸಿಗುತ್ತದೆ. ಹಾಗೇ ಅವೆನ್ಯೂ ರಸ್ತೆಯ ಕಡೆ ತಿರುಗಿದರೆ ಹಳೇ ಇಂಗ್ಲಿಷ್ ಕಾಮಿಕ್ಸು, ಚೌಕಾಸಿ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಹಾಕಿದ್ದರೆ ಕೇಳಿ. ಬಲೂನು ಕಟ್ಟುವ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲು 2022ರ ಜುಲೈ 1ರಿಂದಲೇ ನಿಷೇಧ, ಅದರ ತಂಟೆಗೆ ಹೋಗಬೇಡಿ. ಗಿಫ್ಟ್ ಪೇಪರ್ ಸುತ್ತುವುದು ಸುಮ್ಮನೆ ವೇಸ್ಟು. ಹರಿದು ಬಿಸಾಡುವುದಕ್ಕೆ ಯಾಕೆ ದುಡ್ಡು?

ಕ್ರೇಟಿನ ಅಂಗಡಿ

ಈಗ ನಾನು ಯಾರಿಗೂ ಇದೇ ತಗೋ ಅಂತ ಕೈಗೆ ಕೊಡುವುದಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ನೋಡಿದರೂ 15 ಕೆ.ಜಿ.ಯ ಟೊಮ್ಯಾಟೊ ಕ್ರೇಟು ಬಿದ್ದಿರುತ್ತದೆ. ಒಂದನ್ನು ತೊಳೆದು ತರಿಸಿ, ಒಳಗೆ ಪೇಪರ್ ಹಾಸಿ, ಬಹುಮಾನಗಳನ್ನೆಲ್ಲ ಅದರಲ್ಲಿ ಜೋಡಿಸಿ ಮೂಲೆಯ ಮೇಜಿನ ಮೇಲೆ ಇಟ್ಟಿರುತ್ತೇನೆ. ಗೆದ್ದವರು ಬಿಡುವಾದಾಗ ಹೋಗಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಚಪ್ಪಾಳೆ ಎಲ್ಲರ ಮುಂದೆ, ವಸ್ತು ಮಾತ್ರ ಅವರ ಪಾಡಿಗೆ ಅವರಿಗೆ.

ಹಾಗೆ ಆರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಒಂಬತ್ತನೇ ಕ್ಲಾಸಿನ ಒಬ್ಬಳು ಹೈಲೈಟರ್ ಎತ್ತಿದಳು, ಇಟ್ಟಳು. ಡೈರಿ ಎತ್ತಿದಳು, ಹಾಳೆ ಎಣಿಸಿದಳು, ಇಟ್ಟಳು. ಕೊನೆಗೆ ಎಲ್ಲದರ ಅಡಿಯಿಂದ ಹೋದ ವರ್ಷದ್ದೇ ಒಂದು ನಗುಮುಖದ ಕೀಚೈನು ಎಳೆದಳು. ಬೇಡ, ಇನ್ನೂ ಒಳ್ಳೇದು ಇದೆ ಅಂದೆ. "ಸ್ಮಾಲ್ ಬ್ರದರ್, ಮಿಸ್. ಹಿ ವಿಲ್ ಡ್ಯಾನ್ಸ್" ಅಂದಳು. ನಾನು ಫೇಲು ಮಾಡಿದ್ದ ಕೀಚೈನು ಹಾಗೆ ಪಾಸಾಯಿತು.

ದುಡ್ಡಿಲ್ಲದ ಬಹುಮಾನಗಳು

ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕೆಂದರೆ ನಮ್ಮ ಶಿಬಿರದಲ್ಲಿ ಹೆಚ್ಚು ಬೇಡಿಕೆ ಇರುವುದು ಕ್ರೇಟಿನಲ್ಲಿ ಇಲ್ಲವೇ ಇಲ್ಲ. ಬೆಳಿಗ್ಗೆ 10ರಿಂದ 12ರವರೆಗೆ ಇಂಗ್ಲಿಷ್ ಮಾತ್ರ ಅಂತ ನಮ್ಮ ನಿಯಮ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡು ಗಂಟೆ ಇಂಗ್ಲಿಷ್ ಅಂದರೆ ನೀರಿಲ್ಲದೆ ಓಡಿದ ಹಾಗೆ. ಕೆಲವು ಕಡೆ ಕನ್ನಡ ಮಾತಾಡಿದರೆ ಫೈನ್ ಹಾಕುತ್ತಾರೆ. ನನಗೆ ಅದು ಸುತರಾಂ ಇಷ್ಟವಿಲ್ಲ. ತಾಯಿಭಾಷೆಗೆ ದಂಡ ಕಟ್ಟಿಸಿ ಇನ್ನೊಂದು ಭಾಷೆ ಕಲಿಸುವುದು ಎಂಥದ್ದು? ನಾವು ಉಲ್ಟಾ ಮಾಡಿದೆವು. ಚೆನ್ನಾಗಿ ಪ್ರಯತ್ನ ಪಟ್ಟವರಿಗೆ ಒಂದು ಪಾಸು. ಎ-ಫೋರ್ ಹಾಳೆಯನ್ನು ಎಂಟು ತುಂಡು ಮಾಡಿ, ಒಂದೊಂದರ ಮೇಲೂ "5 ನಿಮಿಷ, ಯಾವ ಭಾಷೆಯಾದರೂ ಸರಿ" ಅಂತ ಇಂಗ್ಲಿಷ್‌ನಲ್ಲಿ ಬರೆದು, ಸೀಲು, ಸಹಿ. ಇಂಗ್ಲಿಷ್ ಹೊತ್ತಿನಲ್ಲಿ ಯಾವಾಗ ಬೇಕಾದರೂ ಅದನ್ನು ತೋರಿಸಿ ಐದು ನಿಮಿಷ ಬಾಯಿ ಬಿಚ್ಚಿ ಮಾತಾಡಬಹುದು.

ಈ ಚೀಟಿಗೆ ಬಿದ್ದ ಕಿತ್ತಾಟ ನೋಡಬೇಕಿತ್ತು. ಒಂದು ಪಾಸಿಗೆ ಎರಡು ಜೆಲ್ ಪೆನ್ನು ಅಂತ ಮೂರನೇ ದಿನಕ್ಕೇ ಮಾರ್ಕೆಟ್ ರೇಟು ಫಿಕ್ಸ್ ಆಗಿತ್ತು. ಆ ಚೌಕಾಸಿ ನಡೆದಿದ್ದು ಇಂಗ್ಲಿಷ್ ಹೊತ್ತಿನಲ್ಲಿ, ಅದೂ ಇಂಗ್ಲಿಷ್‌ನಲ್ಲೇ. ಮಾರುವವನು "ನೋ ನೋ, ಲಾಸ್ಟ್ ಪ್ರೈಸ್" ಅನ್ನುತ್ತಿದ್ದ. ಅಪ್ಪನ ಜೊತೆ ಟೊಮ್ಯಾಟೊ ಮಂಡಿಗೆ ಹೋಗಿ ಬಂದವನೇ ಇರಬೇಕು.

ಇಂಥವೇ ಇನ್ನೂ ಕೆಲವು. ನಾಳೆಯ ಆಟ ಯಾವುದು ಅಂತ ನಿರ್ಧರಿಸುವ ಹಕ್ಕು. ಮಿಸ್ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಹಾಜರಿ ಕರೆಯುವುದು. ಮಿಸ್‌ಗೆ ಒಂದು ತೆಲುಗು ಗಾದೆ ಹೇಳಿಕೊಟ್ಟು, ಸರಿಯಾಗಿ ಹೇಳುವವರೆಗೂ ಬಿಡದಿರುವುದು. ನನ್ನ ತೆಲುಗು ಕೇಳಿ ಬಿದ್ದು ಬಿದ್ದು ನಕ್ಕ ಮೇಲೆ, ಅವರ ಇಂಗ್ಲಿಷ್ ತಪ್ಪಾದರೆ ನಾನು ನಗುವುದಿಲ್ಲ ಅಂತ ಅವರಿಗೆ ನಂಬಿಕೆ ಬಂತು.

ಯಾವಾಗ, ಯಾವುದಕ್ಕೆ

ಇಷ್ಟು ಸರಿ ಹೇಳಿದರೆ ಇದು ಸಿಗುತ್ತೆ ಅಂತ ಮೊದಲೇ ಆಸೆ ತೋರಿಸಬೇಡಿ. ಅಮೆರಿಕದಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು, ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ, ಮೊದಲೇ ಹೇಳಿಸಿಕೊಂಡವರು ಬಿಡುವಿನಲ್ಲಿ ಚಿತ್ರ ಬರೆದಿದ್ದು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ. ಹೇಳದೆ ಪಡೆದವರಿಗೆ ಹಾಗೇನೂ ಆಗಲಿಲ್ಲ. ಅವರು ನರ್ಸರಿ ಮಕ್ಕಳು, ನಮ್ಮವರು ಮೀಸೆ ಚಿಗುರುತ್ತಿರುವವರು, ನಿಜ. ಆದರೂ ನಾನು ಬಹುಮಾನದ ಮಾತನ್ನು ಸಂಜೆ ನಾಲ್ಕಕ್ಕೇ ತೆಗೆಯುವುದು.

ಯಾವುದಕ್ಕೆ ಕೊಡುತ್ತೀರಿ ಅನ್ನುವುದನ್ನೂ ದಿನಾ ಬದಲಾಯಿಸಿ. ಒಂದು ದಿನ ಅತಿ ಹೆಚ್ಚು ಪ್ರಶ್ನೆ ಕೇಳಿದವರಿಗೆ. ಒಂದು ದಿನ ಒಳ್ಳೆಯ ತಪ್ಪಿಗೆ, ಅಂದರೆ ಯಾವ ತಪ್ಪಿನಿಂದ ಎಲ್ಲರೂ ಏನಾದರೂ ಕಲಿತೆವೋ ಅದಕ್ಕೆ. ಗುಲಾಬಿ ಪೌಚಿನ ಹುಡುಗ ಮತ್ತೆ ಕೈ ಎತ್ತಿದ್ದು ಆ ದಿನವೇ. ಹತ್ತು ದಿನದಲ್ಲಿ ಪೆನ್ನೋ ಪಾಸೋ ಎಲ್ಲರ ಕೈಗೂ ಒಮ್ಮೆಯಾದರೂ ಏನಾದರೂ ಬಂದಿರಬೇಕು. ಅದಕ್ಕೆ ಹೆಸರಿನ ಪಟ್ಟಿಯಲ್ಲಿ ಒಂದು ಟಿಕ್ ಹಾಕಿಕೊಳ್ಳುತ್ತಾ ಹೋಗಿ. ಏಳನೇ ದಿನ ಪಟ್ಟಿ ನೋಡಿದರೆ ಯಾರು ಉಳಿದಿದ್ದಾರೆ ಗೊತ್ತಾಗುತ್ತದೆ, ಬಹುಪಾಲು ಗೋಡೆ ಪಕ್ಕ ಕೂರುವವರು.

ಕೊನೆಯ ದಿನ

ಸರ್ಟಿಫಿಕೇಟನ್ನು ದಪ್ಪ ಹಾಳೆಯಲ್ಲಿ ಹಾಕಿಸಿ. ಹೆಸರು, ಇನಿಶಿಯಲ್ಲು ಶಾಲೆಯ ದಾಖಲೆಯಲ್ಲಿ ಇರುವ ಹಾಗೇ ಇರಲಿ, ಹಿಂದಿನ ದಿನ ಅವರಿಂದಲೇ ಬರೆಸಿಕೊಳ್ಳಿ. ಕೆಳಗೆ ಎರಡು ಗೆರೆ ಖಾಲಿ ಬಿಟ್ಟು ಆ ಮಗುವಿನದೇ ಒಂದು ಸಂಗತಿಯನ್ನು ಕೈಯಲ್ಲಿ ಬರೆಯಿರಿ. "ಐದನೇ ದಿನ ಬಸ್ ಕಂಡಕ್ಟರ್ ಪಾತ್ರ ಮಾಡಿ ಚಿಲ್ಲರೆ ಇಲ್ಲ ಅಂತ ಇಂಗ್ಲಿಷ್‌ನಲ್ಲಿ ಜಗಳ ಆಡಿದಳು." 40 ಸಲ ಬರೆಯುವಾಗ ಕೈ ನೋಯುತ್ತದೆ, ಹಿಂದಿನ ರಾತ್ರಿ ಪೂರ್ತಿ ಬೇಕು. ಒಳ್ಳೆಯದಾಗಲಿ ಅಂತ ಎಲ್ಲರಿಗೂ ಒಂದೇ ಅಚ್ಚು ಹೊಡೆಸಿದರೆ ಅದನ್ನು ಯಾರೂ ಓದುವುದೂ ಇಲ್ಲ.

ತಿಂಡಿಗೆ ಮಕ್ಕಳು ಕೇಳುವುದು ಬಂಗಾರಪೇಟೆ ಪಾನಿಪುರಿ. ಆ ನೀರಿನಂತೆ ಕಾಣುವ ಖಾರದ ಪಾನಿಗೆ ನಾನೂ ಸೋತವಳೇ, ಆದರೆ 400 ರೂಪಾಯಿಗೆ 40 ಪ್ಲೇಟ್ ಆಗುವ ಮಾತಲ್ಲ. ಚುರುಮುರಿ ಆಗುತ್ತದೆ. ಪುರಿ, ಕಡಲೆಬೀಜ, ಎಣ್ಣೆ ನಾವು ತರುವುದು, ಟೊಮ್ಯಾಟೊ, ಈರುಳ್ಳಿ, ಮಾವಿನಕಾಯಿ ಅವರ ಮನೆಯಿಂದ. ಕಡಲೆಬೀಜ ಆಗದವರು ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಹೇಗೆ ಕಲಸಬೇಕು ಅಂತ ಒಂದು ತಂಡ ಇಂಗ್ಲಿಷ್‌ನಲ್ಲಿ ಹೇಳಬೇಕು, ಇನ್ನೊಂದು ತಂಡ ಹೇಳಿದಷ್ಟನ್ನೇ ಮಾಡಬೇಕು. ಉಪ್ಪು ಹಾಕು ಅಂತ ಹೇಳುವುದನ್ನು ಮರೆತರೆ ಉಪ್ಪಿಲ್ಲದ್ದೇ ತಿನ್ನಬೇಕು.

ಎಲ್ಲರೂ ಹೋದ ಮೇಲೆ ಕ್ರೇಟಿನಲ್ಲಿ ಏನು ಉಳಿಯಿತು ಅಂತ ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಚೀಟಿಗೆ ಅದೇ ಆಧಾರ. ಈ ಸಲ ನಮ್ಮಲ್ಲಿ ಉಳಿದದ್ದು ಆರು ಸ್ಟೀಲ್ ಸ್ಕೇಲು, ಎರಡು ಹಸಿರು ಇಂಕಿನ ಪೆನ್ನು. ಪಾಸುಗಳಲ್ಲಿ ಬಳಸದೆ ಉಳಿದದ್ದು ಹತ್ತೊಂಬತ್ತು. ವಾಪಸ್ ಕೊಡಿ ಅಂದರೆ ಒಬ್ಬರೂ ಕೊಡಲಿಲ್ಲ.