ಸ್ತನ ಕ್ಯಾನ್ಸರ್‌ನ ಬಯಾಪ್ಸಿ ವರದಿಯನ್ನು ಓದುವುದು ಹೇಗೆ?

ಸ್ತನದ ಗಂಟಿನಿಂದ ಸೂಜಿಯ ಮೂಲಕ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಇದೆಯೆಂದು ಖಚಿತವಾದ ಮೇಲೆ, ಕೆಲವು ದಿನ ಬಿಟ್ಟು ಪ್ರಯೋಗಾಲಯದಿಂದ ಇನ್ನೊಂದು ವರದಿ ಬರುತ್ತದೆ. ಇದು ಐಎಚ್‌ಸಿ, ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಬಳಸಿ ಜೀವಕೋಶಗಳಿಗೆ ಬಣ್ಣ ಬರಿಸುವ ಪರೀಕ್ಷೆಯ ಫಲಿತಾಂಶ. ಯಾವ ಔಷಧಿ ಕೊಡಬೇಕೆಂಬುದು ಬಹುಮಟ್ಟಿಗೆ ಅದರಲ್ಲಿರುವ ಇಆರ್, ಪಿಆರ್, ಹರ್-2 ಮತ್ತು ಕೆಐ-67 ಎಂಬ ನಾಲ್ಕು ಸಾಲುಗಳ ಮೇಲೆ ನಿಂತಿರುತ್ತದೆ. ವರದಿ ಕೈಗೆ ಸಿಕ್ಕ ಕೂಡಲೇ ಮನೆಯವರ ಕಣ್ಣು ದೊಡ್ಡ ಸಂಖ್ಯೆಗಳ ಮೇಲೆ ಬೀಳುವುದು ಸಹಜ. ಆದರೆ ಇಆರ್ ಮುಂದೆ 90% ಇದ್ದರೆ ಹಾರ್ಮೋನ್ ಚಿಕಿತ್ಸೆಗೆ ರೋಗ ಬಗ್ಗುವ ಸಾಧ್ಯತೆ ಹೆಚ್ಚು; ಅದೇ 90% ಕೆಐ-67ರ ಮುಂದಿದ್ದರೆ ಗಡ್ಡೆ ಅತಿ ವೇಗವಾಗಿ ಬೆಳೆಯುತ್ತಿದೆ ಎಂದರ್ಥ. ಆದ್ದರಿಂದ ಪ್ರತಿ ಸಾಲೂ ಯಾವ ಪ್ರಶ್ನೆಗೆ ಉತ್ತರವಾಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೊದಲು ಗ್ರೇಡ್ ನೋಡಿ

ಗ್ರೇಡ್ ಬೇರೆ, ಸ್ಟೇಜ್ ಬೇರೆ. ರೋಗ ಎಷ್ಟು ದೂರ ಹರಡಿದೆ ಎಂಬುದನ್ನು ಸ್ಟೇಜ್ ಹೇಳಿದರೆ, ಕೋಶಗಳು ಮೂಲರೂಪದಿಂದ ಎಷ್ಟು ಕೆಟ್ಟಿವೆ ಎಂಬುದನ್ನು ಗ್ರೇಡ್ ಹೇಳುತ್ತದೆ. ನಾಳಗಳ ರಚನೆ, ಕೋಶಕೇಂದ್ರದ ಆಕಾರ, ವಿಭಜನೆಯಾಗುತ್ತಿರುವ ಕೋಶಗಳ ಸಂಖ್ಯೆ ಈ ಮೂರಕ್ಕೂ 1ರಿಂದ 3ರವರೆಗೆ ಅಂಕ ಕೊಟ್ಟು ಕೂಡುತ್ತಾರೆ: ಮೊತ್ತ 3ರಿಂದ 5 ಇದ್ದರೆ ಗ್ರೇಡ್ 1, 6 ಅಥವಾ 7 ಇದ್ದರೆ ಗ್ರೇಡ್ 2, 8 ಅಥವಾ 9 ಇದ್ದರೆ ಗ್ರೇಡ್ 3.

ಬೆಳವಣಿಗೆಗೆ ಆಜ್ಞೆ ಎಲ್ಲಿಂದ ಬರುತ್ತಿದೆ?

ಆರೋಗ್ಯವಂತ ಕೋಶವು ತಾನಾಗಿಯೇ ವಿಭಜನೆಯಾಗುವುದಿಲ್ಲ. ಹೊರಗಿನಿಂದ ಸಂಕೇತ ಬರಬೇಕು, ಆ ಸಂಕೇತವನ್ನು ಹಿಡಿಯುವ ಗ್ರಾಹಕ ಪ್ರೋಟೀನ್ ಇರಬೇಕು. ಇಆರ್ ಎಂಬುದು ಈಸ್ಟ್ರೊಜೆನ್ ಹಾರ್ಮೋನಿನ ಗ್ರಾಹಕ, ಪಿಆರ್ ಪ್ರೊಜೆಸ್ಟರಾನಿನ ಗ್ರಾಹಕ. ಕ್ಯಾನ್ಸರ್ ಕೋಶಗಳಲ್ಲಿ ಶೇ 1ರಷ್ಟರ ಕೋಶಕೇಂದ್ರಕ್ಕೆ ಬಣ್ಣ ಬಂದರೂ ಇಆರ್ ಪಾಸಿಟಿವ್ ಎಂದೇ ಪರಿಗಣಿಸುತ್ತಾರೆ. ಆದರೆ 1ರಿಂದ 10ರ ನಡುವಿನ ಫಲಿತಾಂಶವನ್ನು ‘ಲೋ ಪಾಸಿಟಿವ್’ ಎಂದು ಬೇರೆಯಾಗಿ ನಮೂದಿಸಬೇಕೆಂಬುದು 2020ರ ಅಮೆರಿಕದ ಮಾರ್ಗಸೂಚಿ, ಏಕೆಂದರೆ ಆ ರೋಗಿಗಳಿಗೆ ಹಾರ್ಮೋನ್ ಚಿಕಿತ್ಸೆಯಿಂದ ಎಷ್ಟು ಪ್ರಯೋಜನವಾಗುತ್ತದೆ ಎಂಬುದಕ್ಕೆ ಪುರಾವೆ ಕಡಿಮೆ. ಟಾಮಾಕ್ಸಿಫೆನ್, ಲೆಟ್ರೊಜೋಲ್ ಮಾತ್ರೆಗಳು ಯಾರಿಗೆ ಎಂಬುದು ತೀರ್ಮಾನವಾಗುವುದು ಈ ಸಾಲಿನಿಂದಲೇ.

ಹರ್-2 ಕೋಶಪೊರೆಯ ಮೇಲಿರುವ ಇನ್ನೊಂದು ಗ್ರಾಹಕ. ಇದರ ಜೀನ್ 17ನೇ ವರ್ಣತಂತುವಿನಲ್ಲಿದೆ. ಕೆಲವು ಗಡ್ಡೆಗಳಲ್ಲಿ ಆ ಜೀನ್‌ನ ಪ್ರತಿಗಳು ವಿಪರೀತ ಹೆಚ್ಚಾಗಿ, ಕೋಶದ ಮೇಲ್ಮೈ ತುಂಬ ಗ್ರಾಹಕಗಳೇ ಆಗಿ, ‘ವಿಭಜನೆಯಾಗು’ ಎಂಬ ಸಂಕೇತ ನಿಲ್ಲದೆ ಒಳಹೋಗುತ್ತಿರುತ್ತದೆ. ಇಂಥ ಗಡ್ಡೆಗಳಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ಅಮೆರಿಕದ ಕ್ಯಾನ್ಸರ್ ತಜ್ಞ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅದೇ ಗ್ರಾಹಕವನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೆಟ್ಟ ಮುನ್ಸೂಚನೆಯ ಗುರುತೊಂದು ಹೀಗೆ ಚಿಕಿತ್ಸೆಯ ಗುರಿಯಾಯಿತು. ವರದಿಯಲ್ಲಿ 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಎಂದಿದ್ದರೆ ಅದು ಉತ್ತರವೇ ಅಲ್ಲ. ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಲೇಬೇಕು. ಖರ್ಚು ಹೆಚ್ಚೆಂದು ಇದನ್ನು ಕೈಬಿಡುವುದು ತಪ್ಪು ಉಳಿತಾಯವೆಂದೇ ನನ್ನ ಅಭಿಪ್ರಾಯ.

ಕೆಐ-67: ವೇಗದ ಅಳತೆ

ಜರ್ಮನಿಯ ಕೀಲ್ ನಗರದ ಸಂಶೋಧಕರು 1983ರಲ್ಲಿ ವರದಿ ಮಾಡಿದ ಪ್ರತಿಕಾಯವೊಂದು ಗುರುತಿಸುವ ಪ್ರೋಟೀನ್ ಇದು. ಕೋಶವು ವಿಭಜನೆಯ ಚಕ್ರದಲ್ಲಿ ಯಾವ ಹಂತದಲ್ಲಿದ್ದರೂ ಈ ಪ್ರೋಟೀನ್ ಕೋಶಕೇಂದ್ರದಲ್ಲಿ ಕಾಣುತ್ತದೆ. ಚಕ್ರದಿಂದ ಹೊರಬಂದು ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಕಾಣುವುದಿಲ್ಲ. ಆದ್ದರಿಂದ 20% ಎಂದರೆ ನೂರು ಕ್ಯಾನ್ಸರ್ ಕೋಶಗಳಲ್ಲಿ ಇಪ್ಪತ್ತು ಸದ್ಯ ಬೆಳವಣಿಗೆಯಲ್ಲಿ ತೊಡಗಿವೆ ಎಂದರ್ಥವೇ ಹೊರತು, ಬದುಕುವ ಅವಕಾಶ ಇಷ್ಟು ಎಂದಲ್ಲ.

ನಾಲ್ಕು ಸಾಲುಗಳಲ್ಲಿ ಅತಿ ಎಚ್ಚರದಿಂದ ಓದಬೇಕಾದದ್ದು ಇದೇ. ಒಂದೇ ಸ್ಲೈಡ್‌ನಲ್ಲಿ ಬಣ್ಣ ದಟ್ಟವಾಗಿರುವ ಜಾಗವನ್ನು ಮಾತ್ರ ಎಣಿಸಿದರೆ ಒಂದು ಸಂಖ್ಯೆ, ಇಡೀ ಭಾಗದ ಸರಾಸರಿ ತೆಗೆದರೆ ಇನ್ನೊಂದು. 5% ಅಥವಾ ಅದಕ್ಕಿಂತ ಕಡಿಮೆ, 30% ಅಥವಾ ಅದಕ್ಕಿಂತ ಹೆಚ್ಚು ಇರುವ ಫಲಿತಾಂಶಗಳನ್ನು ಮಾತ್ರ ಭರವಸೆಯಿಂದ ಬಳಸಬಹುದೆಂಬುದು ಈ ವಿಷಯದ ಅಂತರರಾಷ್ಟ್ರೀಯ ತಜ್ಞರ ಗುಂಪಿನ ನಿಲುವು. ಹಾಗಾಗಿ ಒಂದು ಪ್ರಯೋಗಾಲಯ 18 ಎಂದೂ ಇನ್ನೊಂದು 24 ಎಂದೂ ಹೇಳಿದರೆ ರೋಗ ಉಲ್ಬಣಿಸಿದೆಯೆಂದು ತಿಳಿಯಬೇಕಾಗಿಲ್ಲ. ಅಬೆಮಾಸಿಕ್ಲಿಬ್ ಔಷಧಿಯ ಉದಾಹರಣೆಯೂ ಇದೆ: ಕೋಶಚಕ್ರವನ್ನು ಮುಂದಕ್ಕೆ ತಳ್ಳುವ ಸಿಡಿಕೆ 4 ಮತ್ತು 6 ಎಂಬ ಕಿಣ್ವಗಳನ್ನು ತಡೆಯುವ ಈ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಆರಂಭಿಕ ಸ್ತನ ಕ್ಯಾನ್ಸರ್‌ಗೆ ಅನುಮತಿ ಕೊಟ್ಟಾಗ ಕೆಐ-67 ಕನಿಷ್ಠ 20% ಇರಬೇಕೆಂಬ ಷರತ್ತಿತ್ತು, 2023ರಲ್ಲಿ ಆ ಷರತ್ತನ್ನೇ ತೆಗೆದುಹಾಕಲಾಯಿತು.

ಸಂಖ್ಯೆಯ ಹಿಂದಿನ ಕೆಲಸವನ್ನೂ ವಿಚಾರಿಸಿ

ತುಣುಕನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ ಎಂಬ ಸಂರಕ್ಷಕ ದ್ರವಕ್ಕೆ ಹಾಕಿ, 6ರಿಂದ 72 ಗಂಟೆ ಅದರಲ್ಲಿಟ್ಟಿರಬೇಕು. ತಡವಾದರೆ ಗ್ರಾಹಕ ಪ್ರೋಟೀನುಗಳು ಹಾಳಾಗಿ, ಪಾಸಿಟಿವ್ ಗಡ್ಡೆಯೂ ನೆಗೆಟಿವ್ ಎಂದು ತೋರಬಹುದು. ಒಳ್ಳೆಯ ವರದಿಗಳಲ್ಲಿ ಈ ಸಮಯವೂ ನಮೂದಾಗಿರುತ್ತದೆ. ಗ್ರೇಡ್ 1ರ ಗಡ್ಡೆಗೆ ಇಆರ್ ನೆಗೆಟಿವ್ ಅಥವಾ ಹರ್-2 ಪಾಸಿಟಿವ್ ಎಂದು ಬಂದಿದ್ದರೆ ಮರುಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿ. ಅದಕ್ಕೆ ವರದಿಯ ಪ್ರತಿ ಸಾಲದು, ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟಿರುವ ಪ್ಯಾರಾಫಿನ್ ಬ್ಲಾಕ್ ಬೇಕು. ಅದನ್ನು ಪ್ರಯೋಗಾಲಯದಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬಹುದು.

ಕೊನೆಗೆ ಎಲ್ಲವನ್ನೂ ಸ್ಟೇಜ್‌ನೊಂದಿಗೆ ಸೇರಿಸಿ ನೋಡಬೇಕು. 2018ರಿಂದ ಜಾರಿಯಲ್ಲಿರುವ ಅಮೆರಿಕದ ಎಜೆಸಿಸಿ ಪದ್ಧತಿಯ ಎಂಟನೇ ಆವೃತ್ತಿಯು ಗಡ್ಡೆಯ ಗಾತ್ರ ಮತ್ತು ಹರಡುವಿಕೆಯ ಜೊತೆಗೆ ಗ್ರೇಡ್, ಇಆರ್, ಪಿಆರ್, ಹರ್-2 ಇವಿಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುನ್ಸೂಚನೆಯ ಸ್ಟೇಜ್ ನಿಗದಿಪಡಿಸುತ್ತದೆ; ಕೆಐ-67 ಅದರಲ್ಲಿ ಸೇರಿಲ್ಲ. ರೋಗ ಮುಂದೆ ಬೇರೆಡೆ ಕಾಣಿಸಿಕೊಂಡರೆ, ಸಾಧ್ಯವಿದ್ದಲ್ಲಿ ಅಲ್ಲಿಂದಲೂ ತುಣುಕು ತೆಗೆದು ಇದೇ ಪರೀಕ್ಷೆಗಳನ್ನು ಹೊಸದಾಗಿ ಮಾಡಿಸುತ್ತಾರೆ, ಏಕೆಂದರೆ ಗ್ರಾಹಕಗಳು ಮೊದಲಿದ್ದಂತೆಯೇ ಇರುತ್ತವೆ ಎನ್ನುವಂತಿಲ್ಲ. ಹೋಲಿಸಿ ನೋಡಲು ಹಳೆಯ ವರದಿ ಬೇಕಾಗುವುದರಿಂದ ಅದನ್ನೂ ಕಡತದಲ್ಲಿ ಉಳಿಸಿಕೊಳ್ಳಿ.