ಅಲಸಂದೆ ಬೇರು ಹೊರಕ್ಕೆ ತಿರುಗಿತು: ಶಿಡ್ಲಘಟ್ಟದಲ್ಲಿ ನಾವು ಮಾಡಿದ ತಿರುಗುವ ತೋಟ

ಒಂದು ಚಕ್ರ ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿದೆ ಅಂದುಕೊಳ್ಳಿ. ಅದರ ಅಚ್ಚಿನಿಂದ 25 ಸೆಂ.ಮೀ. ದೂರದಲ್ಲಿ ಏನನ್ನಾದರೂ ಕಟ್ಟಿದರೆ, ಆ ವಸ್ತುವಿಗೆ ಭೂಮಿ ಕೊಡುವಷ್ಟೇ ತೂಕ ಹೊರಗಿನ ದಿಕ್ಕಿನಲ್ಲಿ ಸಿಗುತ್ತದೆ. ಈ ಲೆಕ್ಕ ಬಿಡಿಸಿದ ದಿನ ನನಗಾದ ಖುಷಿ ಇಷ್ಟಿಷ್ಟಲ್ಲ. 25 ಸೆಂ.ಮೀ. ಅಂದರೆ ಸೈಕಲ್ ಚಕ್ರದೊಳಗೆ ಹಿಡಿಸುವ ಅಳತೆ. ಸೆಕೆಂಡಿಗೆ ಒಂದು ಸುತ್ತು ಅಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಕೊಡುವ 60 ಆರ್‌ಪಿಎಂ (ನಿಮಿಷಕ್ಕೆ 60 ಸುತ್ತು) ಗೇರ್ ಮೋಟರ್. ಬಾಹ್ಯಾಕಾಶದಲ್ಲಿ ಜನರಿಗೆ ತೂಕ ಸಿಗಲೆಂದು ಇಡೀ ಊರನ್ನೇ ಚಕ್ರದಂತೆ ತಿರುಗಿಸುವ ಯೋಚನೆ ಒಂದಿದೆ. ಆ ತಿರುಗುವ ಊರಿನ ಮೂಲ ವಿಚಾರವನ್ನು ಶಾಲೆಯ ಮೇಜಿನ ಮೇಲೆ ಮಾಡಿ ನೋಡಬಹುದು ಅಂತ ಆಗಲೇ ಗೊತ್ತಾಯಿತು.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದು ಶುರುವಾಗಿದ್ದು ಮಕ್ಕಳ ಪ್ರಶ್ನೆಯಿಂದ. 2024ರ ಡಿಸೆಂಬರ್ 30ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಹಾರಿತು. ಅದರ ಕೊನೆಯ ಹಂತದಲ್ಲಿ ಇಟ್ಟಿದ್ದ ಪುಟ್ಟ ಪೆಟ್ಟಿಗೆಯೊಳಗೆ ಅಲಸಂದೆ ಬೀಜ ಮೊಳಕೆ ಒಡೆದು ಎಲೆ ಬಿಟ್ಟಿತು. ಮುಂದಿನ ವರ್ಷ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಅದರ ಹಿಂದೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇತ್ತು. ನಮ್ಮ ಕಡೆ ಹುಡುಗರಿಗೆ ಅಲಸಂದೆ ಹೊಸದಲ್ಲ, ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಅವರು ಕೇಳಿದ್ದು ಒಂದೇ. ಅಲ್ಲಿ ಕೆಳಗೆ ಅನ್ನೋದೇ ಇಲ್ಲವಲ್ಲಾ, ಮತ್ತೆ ಬೇರು ಯಾವ ಕಡೆ ಹೋಗುತ್ತದೆ?

ಬೇರಿನ ತುದಿಯಲ್ಲಿ ಒಂದು ಟೊಪ್ಪಿ ಇರುತ್ತದೆ. ಅದರ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ಅವು ಭಾರ, ಹಾಗಾಗಿ ಕೋಶದ ತಳಕ್ಕೆ ಕೂರುತ್ತವೆ. ಅವು ಕೂತ ಕಡೆಯೇ ಬೇರಿಗೆ ಕೆಳಗು. ಬಾಹ್ಯಾಕಾಶದಲ್ಲಿ ಅವು ಎಲ್ಲೂ ಕೂರುವುದಿಲ್ಲ. ಆಗ ಬೆಳಕು, ನೀರು, ತಾಗುವ ಗೋಡೆ ಇವೇ ದಾರಿ ತೋರಿಸಬೇಕು. ಹಾಗಾದರೆ ಚಕ್ರದಲ್ಲಿ ತಿರುಗಿಸಿದರೆ ಆ ಕಣಗಳು ಹೊರಗಿನ ಕಡೆ ಕೂರುತ್ತವೆಯೇ? ಬೇರು ಆ ತೂಕವನ್ನು ಒಪ್ಪುತ್ತದೆಯೇ?

ಇದನ್ನು ಮೊದಲು ಮಾಡಿ ನೋಡಿದವರು ಇಂಗ್ಲೆಂಡಿನ ತೋಟಗಾರಿಕೆ ತಜ್ಞ ಥಾಮಸ್ ಆಂಡ್ರ್ಯೂ ನೈಟ್, 1806ರಲ್ಲಿ. ಆಗ ಕರೆಂಟೂ ಇಲ್ಲ, ಮೋಟರೂ ಇಲ್ಲ. ತೋಟದಲ್ಲಿ ಹರಿಯುವ ನೀರಿನಿಂದ ಚಕ್ರ ತಿರುಗಿಸಿ, ಅದಕ್ಕೆ ಹುರುಳಿ ಜಾತಿಯ ಬೀಜ ಕಟ್ಟಿದರು. ನೆಟ್ಟಗೆ ನಿಲ್ಲಿಸಿ ತಿರುಗಿಸಿದ ಚಕ್ರದಲ್ಲಿ ಬೇರುಗಳು ನೇರ ಹೊರಕ್ಕೆ, ಚಿಗುರುಗಳು ಅಚ್ಚಿನ ಕಡೆಗೆ ಬಂದವು. ಮಲಗಿಸಿದ ಚಕ್ರವನ್ನು ನಿಮಿಷಕ್ಕೆ 80 ಸುತ್ತು ತಿರುಗಿಸಿದಾಗ ಬೇರುಗಳು ಸುಮಾರು 45 ಡಿಗ್ರಿ ಓರೆಯಾಗಿ ಬೆಳೆದವು. ಅಂದರೆ ಭೂಮಿ ಕೆಳಕ್ಕೆ ಎಳೆದಷ್ಟೇ ತೂಕ ಚಕ್ರದಿಂದ ಹೊರಕ್ಕೂ ಸಿಕ್ಕಿದೆ ಅಂತ ಅರ್ಥ. ಇನ್ನೂರು ವರ್ಷ ಹಿಂದೆ, ಬಾಹ್ಯಾಕಾಶಕ್ಕೆ ಹೋಗುವ ಮಾತೇ ಇಲ್ಲದ ಕಾಲದಲ್ಲಿ ಮಾಡಿದ ಈ ಪ್ರಯೋಗ ನನಗೆ ಅಷ್ಟು ಇಷ್ಟ.

ನಮ್ಮ ಊರಿನಲ್ಲಿ ತಿರುಗುವ ಯಂತ್ರ ಗೊತ್ತಿರುವವರಿಗೆ ಕೊರತೆಯಿಲ್ಲ. ಶಿಡ್ಲಘಟ್ಟ ಅಂದರೆ ರೇಷ್ಮೆ. ಗೂಡಿನ ಮಾರುಕಟ್ಟೆ ಇಲ್ಲೇ, ನೂಲು ಬಿಚ್ಚಾಣಿಕೆ ಘಟಕಗಳೂ ಇಲ್ಲೇ. ಆ ರೀಲಿಂಗ್ ಯಂತ್ರ ರಿಪೇರಿ ಮಾಡುವ ಒಬ್ಬರು ನಮಗೆ ಕಬ್ಬಿಣದ ಸ್ಟ್ಯಾಂಡು, ಎರಡು ಬೇರಿಂಗು ಕೂರಿಸಿಕೊಟ್ಟರು. ಹಳೆ ಸೈಕಲ್ಲಿನ ಚಕ್ರವನ್ನು ನೆಟ್ಟಗೆ ಕೂರಿಸಿ, 12 ವೋಲ್ಟಿನ ಗೇರ್ ಮೋಟರಿನಿಂದ ಬೆಲ್ಟ್ ಕೊಟ್ಟೆವು. ಎರಡೂ ಕಡೆ ಒಂದೇ ಅಳತೆಯ ಪುಲ್ಲಿ, ಹಾಗಾಗಿ ಮೋಟರಿನ ವೇಗವೇ ಚಕ್ರದ ವೇಗ. ಕರೆಂಟು ಹೋದರೂ ನಿಲ್ಲಬಾರದು ಅಂತ ನಡುವೆ ಒಂದು ಬ್ಯಾಟರಿ ಇಟ್ಟು, ಅದಕ್ಕೆ ಚಾರ್ಜರ್ ಹಾಕಿಯೇ ಬಿಟ್ಟೆವು. ಇದು ಮುಖ್ಯ. ರಾತ್ರಿ ಎರಡು ಗಂಟೆ ಕಾಲ ಚಕ್ರ ನಿಂತರೂ ಸಾಕು, ಬೇರು ಭೂಮಿಯ ಕಡೆ ಬಾಗುತ್ತದೆ.

ಬೀಜದ ಡಬ್ಬಿಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಮುಚ್ಚಳ ಇರುವ ಪಾರದರ್ಶಕ ಡಬ್ಬಿಗಳನ್ನು ಎದುರು ಬದುರಾಗಿ ಕಟ್ಟಬೇಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಜೋಡಿ ಜೋಡಿ ಸಮ ಮಾಡಿಕೊಂಡೆವು. ತೂಕ ಸಮ ಇಲ್ಲದಿದ್ದರೆ ಇಡೀ ಸ್ಟ್ಯಾಂಡು ನಡುಗುತ್ತದೆ. 25 ಸೆಂ.ಮೀ. ಅಳೆಯಬೇಕಾದ್ದು ಅಚ್ಚಿನಿಂದ ಬೀಜಕ್ಕೆ, ರಿಮ್ಮಿಗಲ್ಲ. ಡಬ್ಬಿಗಳಿಗೆ ಕಪ್ಪು ಕಾಗದ ಸುತ್ತಿದೆವು. ಇಲ್ಲದಿದ್ದರೆ ಚಿಗುರು ಬೆಳಕಿನ ಕಡೆ ವಾಲಿ ಲೆಕ್ಕ ಕೆಡುತ್ತದೆ.

ಒಬ್ಬಳು ಹುಡುಗಿ ಎತ್ತಿದ ಪ್ರಶ್ನೆ ಇಡೀ ಪ್ರಯೋಗವನ್ನು ಗಟ್ಟಿ ಮಾಡಿತು. ಒದ್ದೆ ಹತ್ತಿ ಇಟ್ಟರೆ ನೀರೂ ಹೊರಕ್ಕೇ ಹೋಗಿ ನಿಲ್ಲುತ್ತದೆ. ಬೇರು ಹೊರಕ್ಕೆ ಬೆಳೆದರೆ ಅದು ತೂಕ ಗುರುತಿಸಿತೋ, ನೀರಿನ ಹಿಂದೆ ಹೋಯಿತೋ ಹೇಗೆ ಹೇಳುವುದು? ಸರಿಯಾದ ಪ್ರಶ್ನೆ ಅಲ್ವಾ? ಅದಕ್ಕೆ ಹತ್ತಿ ಬಿಟ್ಟು ಅಗರ್ ಬಳಸಿದೆವು. ಸಿಹಿತಿಂಡಿಗೆ ಹಾಕುವ ಅದೇ ಚೈನಾ ಗ್ರಾಸ್. ಬಿಸಿ ನೀರಿನಲ್ಲಿ ಕರಗಿಸಿ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಟ್ಟರೆ ನೀರು ಎಲ್ಲ ಕಡೆ ಒಂದೇ ಸಮ ಹಿಡಿದಿರುತ್ತದೆ. ಬೀಜಗಳನ್ನು ಬೇಕಂತಲೇ ಬೇರೆ ಬೇರೆ ದಿಕ್ಕಿಗೆ ಇಟ್ಟೆವು. ಒಂದರ ಮೊಳಕೆ ಕಣ್ಣು ಒಳಕ್ಕೆ, ಇನ್ನೊಂದರದು ಹೊರಕ್ಕೆ, ಮತ್ತೊಂದರದು ಅಡ್ಡಕ್ಕೆ. ಇದೇ ಥರ ತುಂಬಿದ ಒಂದು ಡಬ್ಬಿ ಮೇಜಿನ ಮೇಲೆ, ಇನ್ನೊಂದು ಪುಟ್ಟ ಡಬ್ಬಿ ಚಕ್ರದ ನಟ್ಟನಡುವೆ.

ಅಂಚಿನ ಡಬ್ಬಿಗಳಲ್ಲಿ ಬೇರುಗಳೆಲ್ಲ ಹೊರಕ್ಕೆ ತಿರುಗಿದವು. ಒಳಮುಖವಾಗಿ ಹೊರಟವು ಕೊಕ್ಕೆಯಂತೆ ಬಾಗಿ ಹೊರಕ್ಕೆ ಬಂದವು. ಚಿಗುರುಗಳು ಅಚ್ಚಿನ ಕಡೆ ಮುಖ ಮಾಡಿದವು. ಮೇಜಿನ ಮೇಲಿನ ಡಬ್ಬಿಯಲ್ಲಿ ಬೇರುಗಳು ಯಾವತ್ತಿನಂತೆ ಕೆಳಕ್ಕೆ ಇಳಿದವು. ನಡುವಿನ ಡಬ್ಬಿಯೇ ನೋಡಲು ಸೊಗಸು. ಅಲ್ಲಿ ಬಹುತೇಕ ಬೇರುಗಳು ಹುಟ್ಟಿದ ದಿಕ್ಕಿಗೇ ಅಲೆಯುತ್ತಾ ಹೋದವು, ಕೆಲವು ಮಾತ್ರ ಸ್ವಲ್ಪ ಹೊರಕ್ಕೆ ವಾಲಿದವು. ಅಚ್ಚಿನಿಂದ ಒಂದು ಸೆಂ.ಮೀ. ಆಚೆ ಹೋದರೂ ಭೂಮಿಯ ತೂಕದ ನೂರರಲ್ಲಿ ನಾಲ್ಕು ಪಾಲು ಸಿಗುತ್ತದೆ, ಗಿಡಕ್ಕೆ ಅಷ್ಟೂ ತಿಳಿಯುತ್ತದೆ.

ಇಲ್ಲಿ ಒಂದು ಮಾತು. ನೆಟ್ಟಗೆ ನಿಲ್ಲಿಸಿ ತಿರುಗಿಸುವ ಚಕ್ರದಲ್ಲಿ ಭೂಮಿಯ ಎಳೆತ ಎಲ್ಲೂ ಹೋಗಿರುವುದಿಲ್ಲ. ಮೇಲಿನ ತುದಿಗೆ ಬಂದಾಗ ಎರಡೂ ಎದುರುಬದುರಾಗಿ ತೂಕ ಸೊನ್ನೆ, ಕೆಳಗೆ ಬಂದಾಗ ಎರಡು ಪಟ್ಟು. ಆದರೆ ಬೇರಿನ ಕಣಗಳು ಸರಿದು ಕೂರಲು ನಿಮಿಷಗಳೇ ಬೇಕು. ಸೆಕೆಂಡಿಗೊಮ್ಮೆ ದಿಕ್ಕು ಬದಲಿಸುವ ಭೂಮಿಯ ಎಳೆತ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ. ಸದಾ ಹೊರಕ್ಕೇ ಇರುವ ಚಕ್ರದ ತೂಕ ಉಳಿಯುತ್ತದೆ. ಗಿಡದಿಂದ ಈ ಪ್ರಯೋಗ ಸಾಧ್ಯವಾಗುವುದೇ ಇದಕ್ಕೆ.

ಮನುಷ್ಯರ ವಿಷಯಕ್ಕೆ ಬಂದರೆ ತೂಕ ಹುಟ್ಟಿಸುವ ರೀತಿ ಬದಲಾಗುವುದಿಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ಬಸ್ಸು ತಿರುಗಿದಾಗ ನಾವು ಕಿಟಕಿಗೆ ಒತ್ತಿಕೊಳ್ಳುವ ಹಾಗೆಯೇ ಇದೂ. ನಮ್ಮ ಮೈ ನೇರ ಹೋಗಲು ನೋಡುತ್ತದೆ, ಬಸ್ಸಿನ ಗೋಡೆ ಒಳಕ್ಕೆ ತಳ್ಳುತ್ತದೆ. ತಿರುಗುವ ಊರಿನಲ್ಲಿ ಆ ಗೋಡೆಯೇ ನೆಲ. ಹೊರ ಅಂಚೇ ಕೆಳಗು, ಅಚ್ಚೇ ಮೇಲು. ಇದು ಬೇಕೇ ಬೇಕು ಅನ್ನುವುದಕ್ಕೆ ಕಾರಣವೂ ಇದೆ. ತೂಕವಿಲ್ಲದ ಜಾಗದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ಕ್ಕೂ ಜಾಸ್ತಿ ಸವೆಯುತ್ತದೆ. ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಿ ಅದನ್ನು ತಡೆಯಲು ನೋಡುತ್ತಾರೆ. 2016ರಲ್ಲಿ ಜಪಾನಿನವರು ನಿಲ್ದಾಣಕ್ಕೆ 12 ಇಲಿಗಳನ್ನು ಕಳಿಸಿದರು. ಆರು ತೂಕವಿಲ್ಲದೆ, ಆರು ತಿರುಗುವ ಯಂತ್ರದಲ್ಲಿ ಭೂಮಿಯಷ್ಟೇ ತೂಕದಲ್ಲಿ, 35 ದಿನ ಇದ್ದವು. ತಿರುಗಿದ ಇಲಿಗಳ ಮೂಳೆ, ಸ್ನಾಯು ಉಳಿದವು. ಉಳಿದ ಆರರದ್ದು ಕರಗಿತು.

ಹಾಗಾದರೆ ಸಣ್ಣ ಚಕ್ರ ಮಾಡಿ ಜೋರಾಗಿ ತಿರುಗಿಸಿದರೆ ಆಯಿತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲೇ ಇರುವುದು ತೊಡಕು. ಇದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದೆ. 10 ಮೀಟರ್ ತ್ರಿಜ್ಯದ ಚಕ್ರದಲ್ಲಿ ಭೂಮಿಯಷ್ಟು ತೂಕ ಬೇಕಾದರೆ ನೆಲ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಓಡುತ್ತಿರಬೇಕು. ನೂರು ಮೀಟರ್ ಓಟದ ಒಳ್ಳೆ ಓಟಗಾರ ಅಲ್ಲಿ ಚಕ್ರಕ್ಕೆ ಎದುರಾಗಿ ಓಡಿದರೆ ಅವನ ತೂಕವೇ ಹೋಗಿ ತೇಲಿಬಿಡುತ್ತಾನೆ! ಎದೆಯ ಎತ್ತರದಿಂದ, ಅಂದರೆ ಒಂದೂವರೆ ಮೀಟರಿನಿಂದ ಚೆಂಡು ಬಿಟ್ಟರೆ ಅದು ಕಾಲ ಬುಡದಲ್ಲಿ ಬೀಳುವುದಿಲ್ಲ, 65 ಸೆಂ.ಮೀ. ಹಿಂದೆ ಬೀಳುತ್ತದೆ. ಚಕ್ರ ಇನ್ನೂ ಚಿಕ್ಕದಾಗಿ 5 ಮೀಟರ್ ಆದರೆ, 1.7 ಮೀಟರ್ ಎತ್ತರದ ಮನುಷ್ಯನ ತಲೆಗೆ ಸಿಗುವುದು ಕಾಲಿಗೆ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ.

ಇದಕ್ಕಿಂತ ದೊಡ್ಡ ತೊಂದರೆ ಕಿವಿಯೊಳಗಿನದು. ಅದನ್ನು ತಿಳಿಯಲು ಟ್ರ್ಯಾಕ್ಟರ್ ಟ್ರೇಲರಿನ ಚಕ್ರ ಕೂರುವ ಹಬ್ ಮೇಲೆ ಎಂಟು ಅಡಿ ಅಗಲದ ಪ್ಲೈವುಡ್ ತಟ್ಟೆ ಕೂರಿಸಿ, ಸುತ್ತ ಹಿಡಿಕೆ ಹಾಕಿದೆವು. ಕೈಯಲ್ಲೇ ನಿಧಾನ ತಳ್ಳಿ, ಆರು ಸೆಕೆಂಡಿಗೆ ಒಂದು ಸುತ್ತು ಬರುವಂತೆ ತಿರುಗಿಸುತ್ತೇವೆ. ಎದುರುಬದುರು ಕೂತ ಇಬ್ಬರು ಚೆಂಡು ಎಸೆದಾಡಲು ನೋಡುತ್ತಾರೆ. ಚೆಂಡು ಬಾಗಿ ಎಲ್ಲೋ ಪಕ್ಕಕ್ಕೆ ಹೋಗುತ್ತದೆ. ತಟ್ಟೆಯ ಮೇಲೆ ಒಂದು ಮೊಬೈಲ್, ಮಹಡಿಯಿಂದ ಕೆಳಗೆ ನೋಡುವಂತೆ ಇನ್ನೊಂದು ಇಟ್ಟು ವಿಡಿಯೋ ತೆಗೆದೆವು. ಮೇಲಿನ ವಿಡಿಯೋದಲ್ಲಿ ಅದೇ ಚೆಂಡು ನೇರ ಹೋಗಿದೆ, ಕೂತವರೇ ಜಾಗ ಬಿಟ್ಟು ಸರಿದಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ, ತಿರುಗುವವರಿಗೆ ನೇರ ಹೋಗುವುದೂ ಬಾಗಿದಂತೆ ಕಾಣುವ ಈ ಕೊರಿಯಾಲಿಸ್ ಪರಿಣಾಮ ಯಾರಿಗೂ ಕಷ್ಟವಾಗಲಿಲ್ಲ. ಪುಸ್ತಕದಲ್ಲಿ ಎಷ್ಟು ಓದಿಸಿದರೂ ಇದು ಬರುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಕಣ್ಣು ಮುಚ್ಚಿ ಕೂತು, ತಟ್ಟೆ ತಿರುಗುವಾಗ ತಲೆಯನ್ನು ಭುಜದ ಕಡೆ ವಾಲಿಸಿದರೆ ಮುಂದಕ್ಕೋ ಹಿಂದಕ್ಕೋ ಮಗುಚಿದಂತೆ ಆಗುತ್ತದೆ. ನಾನೇ ಮಾಡಿ ನೋಡಿದ್ದೇನೆ, ಹೊಟ್ಟೆ ತೊಳಸಿತು. ಕಿವಿಯೊಳಗಿನ ಅರ್ಧವೃತ್ತ ನಾಳಗಳ ದ್ರವ ಒಂದು ದಿಕ್ಕಿನ ತಿರುಗುವಿಕೆಗೆ ಹೊಂದಿಕೊಂಡಿರುತ್ತದೆ. ತಲೆ ವಾಲಿಸಿದ ಕೂಡಲೇ ಅದು ಬೇರೆ ದಿಕ್ಕಿನ ತಿರುಗುವಿಕೆ ಅಂತ ಮೆದುಳಿಗೆ ಹೇಳುತ್ತದೆ. ಮಕ್ಕಳಿಂದ ಇದನ್ನು ಮಾಡಿಸಬೇಡಿ. ಅಮೆರಿಕದ ಪೆನ್ಸಕೋಲಾದಲ್ಲಿ ಆಷ್ಟನ್ ಗ್ರೇಬಿಯಲ್ ಅವರ ತಂಡ 1950ರ ದಶಕದ ಕೊನೆಯಿಂದಲೇ ಒಂದು ಕೋಣೆಯನ್ನೇ ತಿರುಗಿಸಿ ಜನರನ್ನು ಅದರಲ್ಲಿ ಇರಿಸಿ ನೋಡಿತು. ನಿಮಿಷಕ್ಕೆ ಒಂದು ಸುತ್ತಿಗೆ ತೊಂದರೆ ಕಡಿಮೆ. ಹತ್ತು ಸುತ್ತಿಗೆ ಒಗ್ಗಿಕೊಂಡವರು ಬಹಳ ಕಡಿಮೆ. ವೇಗವನ್ನು ನಿಧಾನವಾಗಿ ಏರಿಸಿದರೆ ಮೈ ಹೆಚ್ಚು ಒಗ್ಗುತ್ತದೆ ಅನ್ನುವುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿದೆ. ಆದರೂ ಊರು ಕಟ್ಟುವ ಲೆಕ್ಕದಲ್ಲಿ ಎರಡು ಸುತ್ತು ಅಂತ ಇಟ್ಟುಕೊಳ್ಳುವವರೇ ಜಾಸ್ತಿ.

ನಿಮಿಷಕ್ಕೆ ಎರಡೇ ಸುತ್ತು ಅಂದರೆ ತ್ರಿಜ್ಯ 224 ಮೀಟರ್ ಬೇಕು. ಒಂದೇ ಸುತ್ತು ಸಾಕು ಅಂದರೆ ಸುಮಾರು 900 ಮೀಟರ್. ಆಗ ತಲೆಗೂ ಕಾಲಿಗೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 224 ಮೀಟರಿನ ಚಕ್ರದಲ್ಲಿ ಎದೆಯೆತ್ತರದಿಂದ ಬಿಟ್ಟ ಚೆಂಡು ಬರೀ 12 ಸೆಂ.ಮೀ. ಹಿಂದೆ ಬೀಳುತ್ತದೆ. 1952ರಲ್ಲಿ ರಾಕೆಟ್ ತಜ್ಞ ವೆರ್ನರ್ ಫಾನ್ ಬ್ರೌನ್ ಮುಂದಿಟ್ಟ ಚಕ್ರ 76 ಮೀಟರ್ ಅಗಲದ್ದು, ನಿಮಿಷಕ್ಕೆ ಮೂರು ಸುತ್ತು. ಅದು ಕೊಡುತ್ತಿದ್ದದ್ದು ಭೂಮಿಯ ತೂಕದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹತ್ತು ಸಾವಿರ ಜನರಿಗೆ 1.8 ಕಿ.ಮೀ. ಅಗಲದ ಉಂಗುರ ಬರೆದರು, ನಿಮಿಷಕ್ಕೆ ಒಂದು ಸುತ್ತು. ಸಣ್ಣದರಿಂದ ದೊಡ್ಡದಕ್ಕೆ ಯಾಕೆ ಹೋದರು ಅನ್ನುವುದು ನಮ್ಮ ಹುಡುಗರಿಗೆ ತಟ್ಟೆಯ ಮೇಲೆ ಕೂತಾಗಲೇ ತಿಳಿದಿತ್ತು. ತೂಕ ಹುಟ್ಟಿಸುವುದು ಸುಲಭ, ನಮ್ಮ ಸೈಕಲ್ ಚಕ್ರವೂ ಹುಟ್ಟಿಸುತ್ತದೆ. ಮನುಷ್ಯ ಆರಾಮವಾಗಿ ಬದುಕುವಂಥ ತೂಕಕ್ಕೆ ಜಾಗ ಬೇಕು.

ಅಷ್ಟು ದೊಡ್ಡದನ್ನು ರಾಕೆಟ್ಟಿನಲ್ಲಿ ಹೊತ್ತೊಯ್ಯುವುದು ಭಾರಿ ಖರ್ಚು. ನಿಲ್ದಾಣಕ್ಕೆಂದು ಜಪಾನಿನಲ್ಲಿ ತಯಾರಾಗುತ್ತಿದ್ದ ಪ್ರಯೋಗದ ತಿರುಗುಯಂತ್ರದ ಕೋಣೆಯನ್ನೇ 2005ರಲ್ಲಿ ಕೈಬಿಟ್ಟರು. ನನಗೆ ಹೆಚ್ಚು ನಂಬಿಕೆ ಇರುವುದು ಹಗ್ಗದ ದಾರಿಯಲ್ಲಿ. ಎರಡು ನೌಕೆಗಳನ್ನು ಉದ್ದ ಹಗ್ಗದಿಂದ ಕಟ್ಟಿ ಒಂದರ ಸುತ್ತ ಒಂದು ತಿರುಗಿಸಿದರೆ ಪೂರ್ತಿ ಚಕ್ರ ಬೇಕಿಲ್ಲ, ತ್ರಿಜ್ಯ ಮಾತ್ರ ಸಿಗುತ್ತದೆ. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜೆಮಿನಿ-11 ನೌಕೆಯಲ್ಲಿ ಗಗನಯಾತ್ರಿಗಳಾದ ಕಾನ್ರಾಡ್ ಮತ್ತು ಗಾರ್ಡನ್ ಇದನ್ನೇ ಮಾಡಿದರು. 30 ಮೀಟರ್ ಹಗ್ಗದಿಂದ ಜನರಿಲ್ಲದ ಅಜೀನಾ ನೌಕೆಗೆ ಕಟ್ಟಿಕೊಂಡು ನಿಧಾನವಾಗಿ ತಿರುಗಿದರು. ಹುಟ್ಟಿದ ತೂಕ ಭೂಮಿಯದರ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಅಷ್ಟೇ. ಆದರೂ ನೌಕೆಯೊಳಗೆ ಬಿಟ್ಟ ವಸ್ತು ಒಂದೇ ಕಡೆಗೆ ಸರಿಯಿತು.

ನಮ್ಮ ಚಕ್ರಕ್ಕೆ ಈಗ ವೇಗ ಬದಲಿಸುವ ಒಂದು ಸಣ್ಣ ಸರ್ಕ್ಯೂಟ್ ಹಾಕುತ್ತಿದ್ದೇವೆ. ಅದೇ 25 ಸೆಂ.ಮೀ.ನಲ್ಲಿ ನಿಮಿಷಕ್ಕೆ 37 ಸುತ್ತು ತಿರುಗಿಸಿದರೆ ಮಂಗಳನ ತೂಕ, 24 ಸುತ್ತಿಗೆ ಚಂದ್ರನ ತೂಕ. ಅಲಸಂದೆ ಜೊತೆಗೆ ಈ ಸಲ ರಾಗಿಯನ್ನೂ ಹಾಕುತ್ತೇವೆ. ಅದರ ಬೇರು ತುಂಬಾ ತೆಳು, ಹಾಗಾಗಿ ಡಬ್ಬಿಯ ಗೋಡೆಗೆ ಒತ್ತಿದಂತೆ ಬಿತ್ತಿ, ಹಿಂದೆ ಕಪ್ಪು ಕಾಗದ ಇಟ್ಟು ಫೋಟೋ ತೆಗೆಯಬೇಕು. ನೀವೂ ಮಾಡುವುದಾದರೆ ಗೇರ್ ಮೋಟರ್ ಕೊಳ್ಳುವಾಗ ಮೇಲೆ ಬರೆದ ವೇಗವನ್ನು ನಂಬಬೇಡಿ. ಚಕ್ರ ಕೂರಿಸಿದ ಮೇಲೆ ಒಂದು ನಿಮಿಷ ಸುತ್ತು ಎಣಿಸಿ, ಆಮೇಲೆ ತ್ರಿಜ್ಯವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.