ಪಾಳು ಚರ್ಚಿನಲ್ಲಿ ಒಲೆ ಹೊತ್ತಿಸುವ ಮುನ್ನ

ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗದ ಬೆಟಗೇರಿಗೆ 1841ರಲ್ಲಿ. ಅವರು ಕಟ್ಟಿದ ದೊಡ್ಡ ಚರ್ಚುಗಳಲ್ಲಿ ಇಂದಿಗೂ ಭಾನುವಾರ ಜನ ತುಂಬುತ್ತಾರೆ. ಅವುಗಳ ಮಾತು ಇದಲ್ಲ. ಕುಟುಂಬಗಳು ಊರು ಬಿಟ್ಟು, ಬಾಗಿಲಿಗೆ ಬೀಗ ಬಿದ್ದು, ಗೋಡೆಯ ಸಂದಿನಲ್ಲಿ ಅರಳಿ ಗಿಡ ಎದ್ದ ಸಣ್ಣ ಪ್ರಾರ್ಥನಾಲಯದ ಮಾತು. ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಇಂಥವನ್ನು ಕೊಂಡು ಮನೆ ಮಾಡಿಕೊಳ್ಳುತ್ತಾರೆ. ಅಂಥ ಮನೆಗಳ ವಿಡಿಯೋ ನೋಡಿ ನಮ್ಮಲ್ಲೂ ಕೆಲವರು ಕೇಳುತ್ತಾರೆ, ‘ಹಂಗ ಮಾಡಾಕ ಬರ್ತದೇನ್ರೀ?’ ಬರುತ್ತದೆ. ಆದರೆ ಆ ವಿಡಿಯೋದಲ್ಲಿ ಉತಾರದ (ಆಸ್ತಿ ದಾಖಲೆಯ) ಸುದ್ದಿ ಇಲ್ಲ, ಎರೆ ಮಣ್ಣಿನ (ಕಪ್ಪು ಮಣ್ಣಿನ) ಸುದ್ದಿಯಂತೂ ಇಲ್ಲವೇ ಇಲ್ಲ.

ಮೊದಲು, ಮಾರುವವರು ಯಾರು?

ಬೀಗದ ಕೈ ಇಟ್ಟುಕೊಂಡವರು ಮಾಲೀಕರಲ್ಲ. ಪಾಸ್ಟರ್ ಅಲ್ಲ, ಊರಿನ ಸಭೆಯ ಕಮಿಟಿಯೂ ಅಲ್ಲ. ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ವಿಚಾರಿಸಬೇಕಾದದ್ದು ಧಾರವಾಡದಲ್ಲಿರುವ ಧರ್ಮಪ್ರಾಂತ್ಯದ (ಬಿಷಪ್ ಆಡಳಿತದ ವಲಯದ) ಕಚೇರಿಯಲ್ಲಿ. ಕಥೋಲಿಕರದ್ದಾದರೆ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಹೋಗಬೇಕು. ಆ ಕಟ್ಟಡ ಇನ್ನು ಆರಾಧನೆಗೆ ಅಲ್ಲ ಎಂದು ಬಿಷಪ್ ಲಿಖಿತವಾಗಿ ಆದೇಶ ಕೊಡಬೇಕು, ಕೊಟ್ಟ ಮೇಲೂ ಹೀನವಾದ ಬಳಕೆ ಸಲ್ಲದು ಎನ್ನುತ್ತದೆ ಅವರ ಕಾನೂನು. ಮನೆ ಮಾಡಿದರೆ ಹೀನವಲ್ಲ ಬಿಡಿ. ಮಾರಲು ಒಪ್ಪದಿದ್ದರೆ ದೀರ್ಘ ಅವಧಿಯ ಲೀಸ್ ಕೇಳಿ ನೋಡಿ. ಅದೂ ಆಗದಿದ್ದರೆ ಸುಮ್ನೆ ಹಟ ಬೇಡ. ಖಾಸಗಿಯವರ ಕೈಗೆ ಬಂದ ಹಳೆ ಬಂಗಲೆ, ಹಳೆ ಶಾಲೆ ಹುಡುಕಿ. ಮುಂದೆ ಹೇಳುವ ಕೆಲಸವೆಲ್ಲ ಅವಕ್ಕೂ ಒಂದೇ.

ಕಾಗದಪತ್ರ ನೋಡುವಾಗ ಒಂದು ನೆನಪಿರಲಿ. ಗದಗ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಾಗದದಲ್ಲಿ ‘ಜಿಲ್ಲಾ ಧಾರವಾಡ’ ಅಂತಲೇ ಇರುತ್ತದೆ. 1956ಕ್ಕಿಂತ ಹಿಂದಿನವು ಮುಂಬಯಿ ಸರ್ಕಾರದ ಕಾಲದವು. ಮರಾಠಿ ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಊರೊಳಗಿನ ಜಾಗಕ್ಕೆ ಸಿಟಿ ಸರ್ವೆ ಉತಾರ, ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ), ಎರಡಕ್ಕೂ ಋಣಭಾರ ಪತ್ರ ಬೇಕು. ಹೊಲದ ಸರ್ವೆ ನಂಬರಿನಲ್ಲಿದ್ದರೆ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೇ ನೋಡಿ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಗುಡಿ ಇದೆಯೇ? ಉಣಕಲ್ಲಿನ ಚಂದ್ರಮೌಳೇಶ್ವರ, ಗದಗಿನ ತ್ರಿಕೂಟೇಶ್ವರದಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರ್‌ಗೂ ಅನುಮತಿ ಬೇಕು. 100 ಮೀಟರ್ ಒಳಗಿದ್ದರೆ ದುರಸ್ತಿಗೂ ಕೇಳಬೇಕು.

ಅಂಗಳದಲ್ಲಿ ಸಮಾಧಿಗಳಿದ್ದರೆ ಆ ತುಂಡನ್ನು ಖರೀದಿಯಿಂದಲೇ ಹೊರಗಿಡಿಸಿ, ಮಂದಿ ಹೋಗಿ ಬರಲು ದಾರಿ ಬಿಡಿ. ಸಮಾಧಿ ಕೆಡಿಸುವುದು ಅಪರಾಧ. ಗಂಟೆ, ಶಿಲುಬೆ, ಹೆಸರು ಕೆತ್ತಿದ ಕಲ್ಲು ಇವನ್ನು ಧರ್ಮಪ್ರಾಂತ್ಯಕ್ಕೆ ಒಪ್ಪಿಸಿ ರಸೀದಿ ತಗೊಳ್ಳಿ. ‘ನಮ್ಮವ್ವನ ಲಗ್ನ ಇಲ್ಲೇ ಆಗಿತ್ರೀ’ ಎನ್ನುವ ಮುದುಕಿಯೊಬ್ಬಳು ಊರಲ್ಲಿ ಇದ್ದೇ ಇರುತ್ತಾಳೆ. ಬಾಗಿಲಿಗೆ ಕೈ ಹಚ್ಚುವ ಮುಂಚೆ ಅವಳ ಮನೆಯಲ್ಲಿ ಒಂದು ಕಪ್ ಚಹಾ ಕುಡಿದು ಬನ್ನಿ.

ಒಂದು ವರ್ಷ ಬಿರುಕು ನೋಡಿ

ಇದನ್ನು ಹೇಳಿದರೆ ಯಾರಿಗೂ ಸೇರುವುದಿಲ್ಲ. ನವಲಗುಂದ, ಗದಗ ಕಡೆಯ ಎರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲಿನ ಗೋಡೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಲುಗುತ್ತದೆ. ದೊಡ್ಡ ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ದಾಟಿಯೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ತುಂಬಿದರೆ ಸಾಕು. ಒಡೆದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಎಷ್ಟೋ ಸಲ ರೋಗ ಗೋಡೆಯದಲ್ಲ, ಮಳೆ ನೀರು ಬುಡದಲ್ಲೇ ನಿಲ್ಲುವುದರದ್ದು. ಸುತ್ತ ಇಳಿಜಾರು ಮಾಡಿ ಒಂದು ಗಟಾರ ತೆಗೆಸಿದರೆ ಅರ್ಧ ವಾಸಿ.

ಅರಳಿ ಗಿಡವನ್ನು ಜಗ್ಗಿ ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರನ್ನು ಒಣಗಿಸುವ ಔಷಧ ಹಚ್ಚಿಸಿ. ಬಾವಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಿದರೆ ಪುಪ್ಪುಸಕ್ಕೆ ಅಪಾಯ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಚಾವಣಿ

ದೀಪಾವಳಿ ಮುಗಿದ ಕೂಡಲೇ ಶುರು ಮಾಡಿದರೆ ಜೂನ್‌ನ ಮಿರಗದ ಮಳೆಗೆ ಮುಂಚೆ ಮುಗಿಯುತ್ತದೆ. ಮೇಲಿರುವುದು ಬಹುತೇಕ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರೇ 1865ರಲ್ಲಿ ಮಂಗಳೂರಿನಲ್ಲಿ ಇದರ ಕಾರ್ಖಾನೆ ಹಾಕಿದ್ದು. ಹೆಂಚನ್ನು ಇಳಿಸಿ, ಬೆರಳಿನಿಂದ ತಟ್ಟಿ ನೋಡಿ. ಖಣ್ ಅಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ತೆಗೆಯಿರಿ. 100 ಚದರ ಅಡಿಗೆ ಸುಮಾರು 140ರಿಂದ 150 ಹೆಂಚು ಹಿಡಿಯುತ್ತದೆ. ಕಟ್ಟಿಗೆಗೆ ಅಲ್ಲಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ಊಟ ಮುಗಿಸಿದೆ ಅಂತ ಅರ್ಥ.

ಗೋಡೆಯಿಂದ ಗೋಡೆಗೆ ಅಡ್ಡ ಹಾಯ್ದ ತೊಲೆಗಳನ್ನು ಮಾತ್ರ ಮುಟ್ಟಬೇಡಿ. ಅಟ್ಟ ಮಾಡುವವರು ‘ತಲೆಗೆ ಬಡಿಯುತ್ತೆ’ ಎಂದು ಮೊದಲು ಕತ್ತರಿಸಲು ಹೋಗುವುದೇ ಅವನ್ನು. ಇಳಿಜಾರು ಚಾವಣಿಯ ಭಾರ ಗೋಡೆಗಳನ್ನು ಹೊರಕ್ಕೆ ದೂಡುತ್ತಿರುತ್ತದೆ. ಹಿಡಿದು ನಿಲ್ಲಿಸಿರುವುದು ಆ ತೊಲೆ.

ಗೋಡೆಗೆ ಸಿಮೆಂಟ್ ಬೇಡ

ಈ ಗೋಡೆಗಳು ಗಚ್ಚಿನವು, ಅಂದರೆ ಸುಣ್ಣದ ಗಾರೆಯವು. ಒಳಗಿನ ಪಸೆಯನ್ನು ಮೈಯಿಂದಲೇ ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟ್ ಬಳಿದರೆ ಪಸೆ ಒಳಗೇ ಸಿಕ್ಕಿಕೊಳ್ಳುತ್ತದೆ. ನಾನೂ ಒಮ್ಮೆ ಗೌಂಡಿಯ ಮಾತು ಕೇಳಿ ಹಳೆ ಗೋಡೆಯೊಂದಕ್ಕೆ ಸಿಮೆಂಟ್ ಮಾಡಿಸಿದ್ದೆ. ಎರಡನೇ ಮಳೆಗಾಲಕ್ಕೆ ಉಪ್ಪು ಎದ್ದು, ಹಪ್ಪಳದಂತೆ ಕಳಚಿ ಬಂತು. ಅದರ ಬದಲು ಸುಣ್ಣವನ್ನು ನೀರಲ್ಲಿ ಅರಳಿಸಿ ಕೆಲವು ವಾರ ಕೊಳೆಯಲು ಬಿಟ್ಟು, ಒಂದು ಪಾಲಿಗೆ ಮೂರು ಪಾಲು ಮರಳು, ಜೊತೆಗೆ ಸ್ವಲ್ಪ ಇಟ್ಟಿಗೆ ಪುಡಿ ಸೇರಿಸಿ. ಹಿಂದಿನವರು ಬೆಲ್ಲ, ಅಳಲೆಕಾಯಿ ನೀರನ್ನೂ ಹಾಕುತ್ತಿದ್ದರು. ಅರಳುವಾಗ ಸುಣ್ಣ ಕುದಿಯುತ್ತದೆ, ಕಣ್ಣು ಜೋಪಾನ. ಬಣ್ಣವೂ ಸುಣ್ಣದ್ದೇ ಇರಲಿ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಗಚ್ಚಿನ ಕೆಲಸ ಬಲ್ಲ ಗೌಂಡಿ ಸಿಗುವುದು ಕಷ್ಟ. ಹಳೆ ಗುಡಿ, ವಾಡೆ ದುರಸ್ತಿ ಮಾಡಿದವರನ್ನು ಕೇಳಿಕೊಂಡು ಹೋಗಿ.

ಒಳಗೆ

ಎಲ್ಲರೂ ಮೊದಲು ಮಾಡುವ ತಪ್ಪು ಹಾಲ್ ತುಂಬ ಗೋಡೆ ಎಬ್ಬಿಸುವುದು. ಆ ಎತ್ತರಕ್ಕಾಗಿಯೇ ತಾನೇ ಇದನ್ನು ಕೊಂಡದ್ದು, ಅಲ್ವಾ? ಏಪ್ರಿಲ್ ಬಿಸಿಲಿಗೂ ಒಳಗೆ ತಂಪಾಗಿರುವುದು ಅದರಿಂದಲೇ. ಮುಂದಿನ ಅರ್ಧ ಹಾಗೇ ಇರಲಿ. ಹಿಂದಿನ ಅರ್ಧಕ್ಕೆ ಕಬ್ಬಿಣದ ಕಂಬಗಳ ಮೇಲೆ ಅಟ್ಟ ಹಾಕಿ. ಕೆಳಗೆ ಒಂದು ಕೋಣೆ, ಮೇಲೆ ಒಂದು. ಅಟ್ಟ ಹಳೆ ಗೋಡೆಯ ಮೇಲೆ ಕೂರಬಾರದು. ಕಂಬಗಳಿಗೆ ತಮ್ಮದೇ ತಳಪಾಯ ಬೇಕು, ಅದು ಎರೆ ದಾಟಿ ಗಟ್ಟಿ ಗರಸಿಗೆ (ಕಲ್ಲು ಬೆರೆತ ಗಟ್ಟಿ ಮಣ್ಣಿಗೆ) ಮುಟ್ಟಬೇಕು. ಕಮಾನಿನ ಕಿಟಕಿಯನ್ನು ಅಟ್ಟದ ಹಲಗೆ ಅಡ್ಡ ಸೀಳದಂತೆ ನೋಡಿಕೊಳ್ಳಿ. ನೆಲದಲ್ಲಿ ಫರಸಿ ಕಲ್ಲಿದ್ದರೆ ತೊಳೆದು ಹಾಗೇ ಬಿಡಿ.

ಅಡುಗೆಮನೆ, ಬಚ್ಚಲು ಹಾಲ್ ಒಳಗೆ ಬೇಡ. ಹಿಂದೆ ಸಣ್ಣದಾಗಿ ಬೇರೆ ಕಟ್ಟಿಸಿ. ಹಳೆ ಗೋಡೆಗೂ ಹೊಸದಕ್ಕೂ ನಡುವೆ ಒಂದಿಂಚು ಸಂದು ಬಿಡಿಸಿ, ಮೇಲೊಂದು ಪಟ್ಟಿ ಮುಚ್ಚಿಸಿ. ಎರಡೂ ಬೇರೆ ಬೇರೆಯಾಗಿ ತುಸು ಕೆಳಕ್ಕೆ ಕೂರುತ್ತವೆ, ಬಿಗಿದು ಕಟ್ಟಿದರೆ ಸೀಳುತ್ತವೆ. ನೀರಿನ ಪೈಪು, ಸಿಂಟೆಕ್ಸ್ ಟ್ಯಾಂಕ್ ಎಲ್ಲ ಹೊಸ ಭಾಗಕ್ಕೇ ಇರಲಿ.

ಹೆಂಚಿನವರ ಕೊನೇ ಕಂತನ್ನು ಮೊದಲ ದೊಡ್ಡ ಮಳೆಯವರೆಗೂ ಕೊಡಬೇಡಿ. ಮೊದಲೇ ಮಾತಾಡಿಕೊಂಡಿದ್ದರೆ ಜಗಳ ಇಲ್ಲ. ಮಳೆ ಹಿಡಿದ ರಾತ್ರಿ ಟಾರ್ಚು, ಒಂದು ಚಾಕ್‌ಪೀಸು ಹಿಡಿದು ಅಟ್ಟ ಹತ್ತಿ. ಹನಿ ಬಿದ್ದಲ್ಲೆಲ್ಲ ಗುರುತು ಹಾಕಿಕೊಂಡು, ಬೆಳಿಗ್ಗೆ ಅವರಿಗೆ ಫೋನ್ ಮಾಡಿ.